‘ಸೈಟು ತೆರೆಯುತ್ತಿಲ್ಲ’: ದೋಷ ಯಾವ ಕೊಂಡಿಯಲ್ಲಿದೆ ಎಂದು ಹುಡುಕುವ ಬಗೆ

ಶಿರಸಿ ಸೀಮೆಯ ಒಂದು ಹಳ್ಳಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಊರೂರಿಗೆ ಕಳುಹಿಸುವ ಅಕ್ಕ ಒಬ್ಬರಿದ್ದಾರೆ. ಮಿಡಿ ಬರುವ ಕಾಲದಲ್ಲಿ, ಬೇಡಿಕೆ ಹೆಚ್ಚಿರುವ ದಿನಗಳಲ್ಲೇ, ಒಂದು ಬೆಳಿಗ್ಗೆ ಅವರ ಫೋನ್ ಬಂತು. “ತಮ್ಮಾ, ಮೂರು ದಿನದಿಂದ ನಮ್ಮ ಸೈಟು ತೆರೆಯುತ್ತಿಲ್ಲ. ಇಂಟರ್ನೆಟ್ಟಿನವರು ಬಂದು ಮೋಡೆಮ್ ಬದಲಿಸಿ ಹೋದರು. ಹೋಸ್ಟಿಂಗ್ ಕಂಪನಿಯವರು ‘ನಮ್ಮ ಸರ್ವರ್ ಸರಿಯಾಗಿದೆ’ ಎಂದು ಬರೆದರು. ಎಲ್ಲರದ್ದೂ ಸರಿಯಿದ್ದರೆ ತಪ್ಪು ನನ್ನದೇ ಏನು?”

ಆ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಅವರಿಗೆ ಉತ್ತರ ಕೊಟ್ಟವರು ಯಾರೂ ಸುಳ್ಳು ಹೇಳಿರಲಿಲ್ಲ. ಲೈನು ಸರಿಯಿತ್ತು, ಸೈಟು ಇಟ್ಟಿರುವ ಯಂತ್ರ, ಎಂದರೆ ಸರ್ವರ್, ಓಡುತ್ತಿತ್ತು. ಕಳಚಿದ್ದು ಅವೆರಡರ ನಡುವಿನ ಒಂದು ಕೊಂಡಿ. ಅದರ ಹೆಸರು ಅಕ್ಕನಿಗೆ ಗೊತ್ತಿರಲಿಲ್ಲ. ಹೆಸರು ಗೊತ್ತಿಲ್ಲದ್ದರಿಂದ ಅದನ್ನು ನೋಡಿಕೊಳ್ಳುವವರು ಯಾರು ಎಂದು ಕೇಳುವುದಕ್ಕೂ ಆಗಲಿಲ್ಲ. ಡೊಮೇನ್, ಡಿಎನ್‌ಎಸ್, ಹೋಸ್ಟಿಂಗ್, ಎಸ್‌ಎಸ್‌ಎಲ್ ಎಂಬ ಪದಗಳನ್ನು ಕಂಪ್ಯೂಟರ್ ಓದಿದವರ ಪರಿಭಾಷೆ ಎಂದು ಬದಿಗಿಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಒಂದೊಂದು ಪದವೂ ಸೈಟು ಕೆಡಬಹುದಾದ ಒಂದೊಂದು ಜಾಗದ ಹೆಸರು. ಒಂದೊಂದು ಜಾಗಕ್ಕೂ ಹೊಣೆಗಾರರು ಬೇರೆ. ಪದ ಗೊತ್ತಿದ್ದರೆ ಯಾರಿಗೆ ಫೋನ್ ಮಾಡಬೇಕೆಂಬುದು ಗೊತ್ತಾಗುತ್ತದೆ.

ಬ್ರೌಸರಿನಲ್ಲಿ ಸೈಟಿನ ಹೆಸರು ಬರೆದು ಎಂಟರ್ ಒತ್ತಿದ ಮೇಲೆ ಪುಟ ಕಾಣುವ ಮೊದಲು ಇಷ್ಟು ನಡೆಯುತ್ತದೆ. ಬ್ರೌಸರ್ ಮೊದಲು “ಈ ಹೆಸರಿನ ಯಂತ್ರದ ನಂಬರ್ ಏನು” ಎಂದು ಕೇಳುತ್ತದೆ. ನಂಬರ್ ಸಿಕ್ಕರೆ ಅದನ್ನು ಹಿಡಿದು ಸರ್ವರಿನ ಬಾಗಿಲು ತಟ್ಟುತ್ತದೆ. ಬಾಗಿಲು ತೆರೆದವರು ನಿಜವಾಗಿ ಆ ಹೆಸರಿನವರೇ ಎಂದು ಗುರುತಿನ ಪತ್ರ ನೋಡುತ್ತದೆ. ಆಮೇಲೆ ಪುಟ ಕೊಡಿ ಎನ್ನುತ್ತದೆ. ಸರ್ವರ್ ತನ್ನ ಕಡತಗಳನ್ನೂ ಮಾಹಿತಿಯ ಕಣಜವಾದ ಡೇಟಾಬೇಸನ್ನೂ ತಡಕಿ ಪುಟ ಕಟ್ಟಿ ಕಳುಹಿಸುತ್ತದೆ. ಒಂದು ಸೆಕೆಂಡಿನ ಒಳಗೆ ಮುಗಿಯುವ ಈ ದಾರಿಯಲ್ಲಿ ಎಲ್ಲಿ ಕೆಟ್ಟರೂ ನಮ್ಮ ಬಾಯಲ್ಲಿ ಬರುವುದು ಒಂದೇ ಮಾತು: ತೆರೆಯುತ್ತಿಲ್ಲ.

ಪರದೆಯ ಮೇಲೆ ಬಂದದ್ದನ್ನು ಓದಿ

ಏನು ಬಂತು ಎಂದು ಕೇಳಿದರೆ ಹತ್ತರಲ್ಲಿ ಎಂಟು ಮಂದಿ “ಏನೋ ಇಂಗ್ಲಿಷಿನಲ್ಲಿ ಬಂತು” ಎನ್ನುತ್ತಾರೆ. ಆ ಏನೋ ಎಂಬುದರಲ್ಲೇ ಅರ್ಧ ಉತ್ತರ ಇರುತ್ತದೆ. ಪುಟವನ್ನು ಮತ್ತೆ ಮತ್ತೆ ರಿಫ್ರೆಶ್ ಮಾಡುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಮೇಲಿನ ವಿಳಾಸಪಟ್ಟಿಯೂ ಕೆಳಗಿನ ಸಣ್ಣ ಅಕ್ಷರಗಳೂ ಅದರಲ್ಲಿ ಬರಬೇಕು. ಬ್ರೌಸರ್ ದೊಡ್ಡ ಅಕ್ಷರದಲ್ಲಿ “ಈ ಸೈಟನ್ನು ತಲುಪಲಾಗುತ್ತಿಲ್ಲ” ಎಂದು ಹೇಳುವುದು ಹಲವು ರೋಗಗಳಿಗೆ ಒಂದೇ. ಕೆಳಗಿನ ಬೂದು ಬಣ್ಣದ ಸಾಲಿನಲ್ಲಿ ನಿಜವಾದ ಕಾರಣ ಇರುತ್ತದೆ.

ಆ ಸಾಲಿನಲ್ಲಿ ‘ಎನ್‌ಎಕ್ಸ್‌ಡೊಮೇನ್’ (NXDOMAIN) ಎಂದಿದ್ದರೆ ಹೆಸರಿಗೆ ನಂಬರ್ ಸಿಗಲಿಲ್ಲ ಎಂದರ್ಥ. ‘ಟೈಮ್ಡ್ ಔಟ್’ ಎಂದಿದ್ದರೆ ನಂಬರ್ ಸಿಕ್ಕಿತು, ಬಾಗಿಲು ತಟ್ಟಿಯೂ ಆಯಿತು, ಒಳಗಿನಿಂದ ಸದ್ದಿಲ್ಲ. ‘ರಿಫ್ಯೂಸ್ಡ್’ ಎಂದರೆ ಯಂತ್ರ ಎಚ್ಚರವಾಗಿದೆ, ಆದರೆ ವೆಬ್ ಪುಟ ಕೊಡುವ ತಂತ್ರಾಂಶ ನಿಂತಿದೆ. ‘ಸರ್ಟ್’ ಎಂಬ ಅಕ್ಷರಗಳು ಕಂಡರೆ ತೊಂದರೆ ಗುರುತಿನ ಪತ್ರದ್ದು, ಎಂದರೆ ಎಸ್‌ಎಸ್‌ಎಲ್ ಸರ್ಟಿಫಿಕೇಟಿನದು. 404, 500, 503ರಂತಹ ಮೂರಂಕಿಯ ಸಂಖ್ಯೆ ಕಂಡರೆ ಸ್ವಲ್ಪ ಸಮಾಧಾನ ಪಡಬಹುದು. ಸರ್ವರ್ ಮಾತನಾಡುತ್ತಿದೆ. ಲೈನು, ಹೆಸರು, ದಾರಿ ಮೂರೂ ಸರಿಯಾಗಿವೆ, ದೋಷ ಮನೆಯ ಒಳಗಿದೆ. ಮೂರಂಕಿ ಇದೆಯೋ ಇಲ್ಲವೋ ಎಂಬ ಈ ಒಂದು ಭೇದ ಹುಡುಕಾಟವನ್ನು ಅರ್ಧಕ್ಕೆ ಇಳಿಸುತ್ತದೆ.

ನಿಮಗೆ ಮಾತ್ರವೋ, ಎಲ್ಲರಿಗೂ ಹೀಗೆಯೋ?

ಮೊಬೈಲಿನ ವೈ-ಫೈ ಆರಿಸಿ ಮೊಬೈಲ್ ಡೇಟಾದಲ್ಲಿ ಸೈಟು ತೆರೆದು ನೋಡಿ. ಬೇರೆ ಊರಿನಲ್ಲಿರುವ ಒಬ್ಬರಿಗೆ ಹೇಳಿ ಅವರಿಂದಲೂ ತೆರೆಯಿಸಿ. ಅವರಿಗೆ ತೆರೆದು ನಿಮಗೆ ತೆರೆಯದಿದ್ದರೆ ಹೋಸ್ಟಿಂಗ್ ಕಂಪನಿಗೆ ಗದರಿಸಿ ಪ್ರಯೋಜನವಿಲ್ಲ.

ನಿಮ್ಮಲ್ಲಿ ಯಾವ ಸೈಟೂ ತೆರೆಯದಿದ್ದರೆ ಮೋಡೆಮ್ ಮೇಲಿನ ದೀಪಗಳನ್ನು ನೋಡಿ. ಫೈಬರ್ ಸಂಪರ್ಕದ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಎಂಬ ದೀಪ ಕೆಂಪಾಗಿ ಮಿನುಗುತ್ತಿದ್ದರೆ ಬೆಳಕಿನ ಸಂಕೇತವೇ ಮನೆಗೆ ಬರುತ್ತಿಲ್ಲ. ಮಲೆನಾಡಿನಲ್ಲಿ ಮಳೆಗಾಲದಲ್ಲಿ ಹೀಗಾದರೆ ಎಲ್ಲೋ ಮರದ ಕೊಂಬೆ ಬಿದ್ದು ತಂತಿ ತುಂಡಾಗಿದೆ ಎಂದು ಬಹುಮಟ್ಟಿಗೆ ನಂಬಬಹುದು. ಮೋಡೆಮ್ ಆರಿಸಿ ಹೊತ್ತಿಸಿದರೆ ಅದು ಕೂಡಿಕೊಳ್ಳುವುದಿಲ್ಲ. ಸಂಪರ್ಕ ಕೊಟ್ಟವರಿಗೆ “ಎಲ್‌ಒಎಸ್ ಕೆಂಪಾಗಿದೆ” ಎಂದು ಅದೇ ಮಾತಿನಲ್ಲಿ ಹೇಳಿ. ಫೋನಿನಲ್ಲಿ ಮೋಡೆಮ್ ರೀಸ್ಟಾರ್ಟ್ ಮಾಡಿಸುವುದನ್ನು ಬಿಟ್ಟು ನೇರವಾಗಿ ಲೈನ್‌ಮನ್ ಕಳುಹಿಸುತ್ತಾರೆ.

ಬೇರೆಲ್ಲ ಸೈಟು ತೆರೆದು, ನಿಮ್ಮದೊಂದೇ ಅಂಗಡಿಯ ವೈ-ಫೈಯಲ್ಲಿ ತೆರೆಯದೆ, ಮೊಬೈಲ್ ಡೇಟಾದಲ್ಲಿ ತೆರೆಯುತ್ತದೆ. ಇದು ನನ್ನ ಬಳಿ ತಿಂಗಳಿಗೊಮ್ಮೆಯಾದರೂ ಬರುವ ದೂರು. ಬಂದ ಕೂಡಲೇ ನಾನು ಕೇಳುವುದು, “ನಿನ್ನೆ ಯಾರಾದರೂ ಪಾಸ್‌ವರ್ಡ್ ತಪ್ಪಾಗಿ ಹಾಕುತ್ತಿದ್ದಿರಾ?” ಎಂದು. ಇಮೇಲಿಗೋ ಹೋಸ್ಟಿಂಗ್ ನೋಡಿಕೊಳ್ಳುವ ಕಂಟ್ರೋಲ್ ಪ್ಯಾನೆಲ್ಲಿಗೋ ಐದಾರು ಬಾರಿ ತಪ್ಪು ಪಾಸ್‌ವರ್ಡ್ ಹೋದರೆ ಸರ್ವರಿನ ಕಾವಲು ತಂತ್ರಾಂಶವಾದ ಫೈರ್‌ವಾಲ್ ನಿಮ್ಮನ್ನು ಕಳ್ಳರೆಂದು ತಿಳಿದು ನಿಮ್ಮ ಸಂಪರ್ಕದ ನಂಬರನ್ನೇ, ಎಂದರೆ ಐಪಿ ವಿಳಾಸವನ್ನೇ, ಹೊರಗಿಡುತ್ತದೆ. ಬೀಗ ಬಿದ್ದದ್ದು ನಿಮ್ಮ ಸಂಪರ್ಕಕ್ಕೆ ಮಾತ್ರ, ಗಿರಾಕಿಗಳಿಗೆ ಸೈಟು ತೆರೆದೇ ಇರುತ್ತದೆ. ಮೊಬೈಲಿನಲ್ಲಿ ಹೊಸ ಪಾಸ್‌ವರ್ಡ್ ಇಟ್ಟು ಅಂಗಡಿಯ ಕಂಪ್ಯೂಟರಿನಲ್ಲಿ ಹಳೆಯದನ್ನೇ ಬಿಟ್ಟರೂ ಇದೇ ಆಗುತ್ತದೆ. ಅಲ್ಲಿನ ಮೇಲ್ ತಂತ್ರಾಂಶ ಐದು ನಿಮಿಷಕ್ಕೊಮ್ಮೆ ತಾನಾಗಿ ತಪ್ಪು ಪಾಸ್‌ವರ್ಡ್ ಕಳುಹಿಸುತ್ತಲೇ ಇರುತ್ತದೆ. ಅಂಗಡಿಯ ವೈ-ಫೈಯಿಂದಲೇ ಗೂಗಲ್‌ನಲ್ಲಿ ‘ನನ್ನ ಐಪಿ ವಿಳಾಸ’ ಎಂದು ಹುಡುಕಿ, ಬಂದ ನಂಬರನ್ನು ಹೋಸ್ಟಿಂಗ್ ಕಂಪನಿಗೆ ಕಳುಹಿಸಿ, ಅದನ್ನು ತಡೆಪಟ್ಟಿಯಿಂದ ತೆಗೆಯಲು ಕೇಳಿ. ಅದಕ್ಕೂ ಮೊದಲು ಹಳೆಯ ಪಾಸ್‌ವರ್ಡ್ ತಿದ್ದಿ. ಇಲ್ಲದಿದ್ದರೆ ಅವರು ತೆಗೆದ ಹತ್ತು ನಿಮಿಷದಲ್ಲಿ ಮತ್ತೆ ಬೀಗ ಬೀಳುತ್ತದೆ.

ಇನ್ನೊಂದು ದೋಷವನ್ನು ನಾನು ಕಣ್ಣಾರೆ ಕಂಡಿದ್ದು ಒಂದು ಗೊಬ್ಬರದ ಅಂಗಡಿಯಲ್ಲಿ. ಒಂದು ಹಳೆಯ ಕಂಪ್ಯೂಟರಿನಲ್ಲಿ ಬ್ಯಾಂಕು, ಮೇಲ್, ಅವರದೇ ಸೈಟು, ಎಲ್ಲದಕ್ಕೂ “ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ” ಎಂಬ ಕೆಂಪು ಎಚ್ಚರಿಕೆ. ವೈರಸ್ ಎಂದು ಹೆದರಿ ಎರಡು ಬಾರಿ ವಿಂಡೋಸ್ ಹೊಸದಾಗಿ ಹಾಕಿಸಿದ್ದರು. ಬಲಗಡೆಯ ಮೂಲೆಯಲ್ಲಿ ದಿನಾಂಕ 2009ನೇ ಇಸವಿಯನ್ನು ತೋರಿಸುತ್ತಿತ್ತು. ಮದರ್‌ಬೋರ್ಡಿನಲ್ಲಿ ಎಂಟಾಣೆ ಬಿಲ್ಲೆಯಂತಹ ಒಂದು ಸೆಲ್ ಇರುತ್ತದೆ, ಸಿಆರ್ 2032 ಎಂದು. ಕರೆಂಟು ಇಲ್ಲದಾಗ ಗಡಿಯಾರವನ್ನು ಓಡಿಸುವುದು ಅದು. ಅದು ಸತ್ತರೆ ಪ್ರತಿ ಬೆಳಿಗ್ಗೆ ಕಂಪ್ಯೂಟರ್ ಹಳೆಯ ತಾರೀಖಿಗೆ ಹೋಗುತ್ತದೆ. ಈ ವರ್ಷ ಕೊಟ್ಟ ಸರ್ಟಿಫಿಕೇಟು 2009ರ ಲೆಕ್ಕದಲ್ಲಿ ಇನ್ನೂ ಚಾಲ್ತಿಗೆ ಬಂದಿಲ್ಲವಲ್ಲ, ಬ್ರೌಸರ್ ಒಪ್ಪುವುದಿಲ್ಲ. ಗಡಿಯಾರದ ಅಂಗಡಿಯಲ್ಲಿ ಸಿಗುವ ಆ ಸೆಲ್ ಬದಲಿಸಿ ತಾರೀಖು ಸರಿ ಮಾಡಿದ ಮೇಲೆ ಎಲ್ಲವೂ ತೆರೆಯಿತು. ಎಲ್ಲ ಸೈಟುಗಳಿಗೂ ಒಟ್ಟಿಗೆ ಸರ್ಟಿಫಿಕೇಟ್ ದೋಷ ಬಂದರೆ ಮೊದಲು ತಾರೀಖು ನೋಡಿ.

ಹೆಸರು: ಡೊಮೇನ್ ಮತ್ತು ಡಿಎನ್‌ಎಸ್

ಅಕ್ಕನ ಸೈಟು ಯಾರಿಗೂ ತೆರೆಯುತ್ತಿರಲಿಲ್ಲ. ಕೆಳಗಿನ ಸಾಲು ‘ಎನ್‌ಎಕ್ಸ್‌ಡೊಮೇನ್’. ಸರ್ವರಿನ ಮಾತೇ ಇಲ್ಲಿ ಬರುವುದಿಲ್ಲ, ಅಲ್ಲಿಗೆ ಯಾರೂ ಹೋಗಿಯೇ ಇಲ್ಲ.

ನಮ್ಮ ಕಡೆ ಜಮೀನಿಗೆ ಸರ್ವೆ ನಂಬರ್ ಇದ್ದರೂ ಊರವರು ಕರೆಯುವುದು ‘ಕೆಳಗಿನ ತೋಟ’ ಎಂದೇ. ಇಂಟರ್ನೆಟ್ಟಿನಲ್ಲಿ ಪ್ರತಿ ಯಂತ್ರಕ್ಕೂ ಸರ್ವೆ ನಂಬರಿನಂತೆ ಒಂದು ಐಪಿ ವಿಳಾಸ ಇದೆ, ಹೆಚ್ಚಾಗಿ ಚುಕ್ಕಿಗಳಿಂದ ಬೇರೆಯಾದ ನಾಲ್ಕು ಸಂಖ್ಯೆ. ಜನ ಕರೆಯುವ ಹೆಸರು ಡೊಮೇನ್. ಹೆಸರು ಕೊಟ್ಟರೆ ನಂಬರ್ ಹೇಳುವ ವ್ಯವಸ್ಥೆ ಡಿಎನ್‌ಎಸ್. ಮೊದಲು ಇಂತಹ ವ್ಯವಸ್ಥೆ ಇರಲಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಒಂದೇ ಒಂದು ಕಡತದಲ್ಲಿ ಎಲ್ಲ ಯಂತ್ರಗಳ ಹೆಸರೂ ನಂಬರೂ ಬರೆದಿಡುತ್ತಿದ್ದರು, ಬೇಕಾದವರು ಅದನ್ನು ನಕಲು ಮಾಡಿಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಿದಂತೆ ಅದು ಕೈಮೀರಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಹೆಸರಿನ ಹೊಣೆಯನ್ನು ಹಲವರಿಗೆ ಹಂಚುವ ಡಿಎನ್‌ಎಸ್ ವಿನ್ಯಾಸವನ್ನು ರೂಪಿಸಿದರು. ಡಾಟ್ ಕಾಮ್ ಹೆಸರುಗಳ ಲೆಕ್ಕ ಒಬ್ಬರದು, ಡಾಟ್ ಇನ್ ಲೆಕ್ಕ ಭಾರತದ ನಿಕ್ಸಿ ಸಂಸ್ಥೆಯದು, ನಿಮ್ಮ ಹೆಸರಿನ ಒಳಗಿನ ಲೆಕ್ಕ ನಿಮ್ಮ ನೇಮ್‌ಸರ್ವರಿನದು.

ಇಲ್ಲಿ ಮೂರು ಪದಗಳನ್ನು ಬೇರೆ ಬೇರೆಯಾಗಿ ಹಿಡಿದುಕೊಳ್ಳಬೇಕು. ಹೆಸರನ್ನು ನಿಮಗೆ ದಾಖಲು ಮಾಡಿಕೊಡುವವರು ರಿಜಿಸ್ಟ್ರಾರ್. ಆ ಹೆಸರಿನ ನಂಬರ್ ಹೇಳುವ ಯಂತ್ರ ನೇಮ್‌ಸರ್ವರ್. ಸೈಟಿನ ಕಡತಗಳು ಕುಳಿತಿರುವ ಜಾಗ ಹೋಸ್ಟಿಂಗ್. ಮೂರನ್ನೂ ಒಂದೇ ಕಂಪನಿ ಮಾರಬಹುದು, ಮೂರೂ ಮೂರು ಕಡೆ ಇರಬಹುದು. ಒಂದಕ್ಕೆ ಹಣ ಕಟ್ಟಿದ ಮಾತ್ರಕ್ಕೆ ಇನ್ನೊಂದಕ್ಕೆ ಕಟ್ಟಿದಂತೆ ಆಗುವುದಿಲ್ಲ. ಅಕ್ಕ ಹೋಸ್ಟಿಂಗ್ ಬಿಲ್ಲನ್ನು ಪ್ರತಿ ವರ್ಷ ತಪ್ಪದೆ ಕಟ್ಟುತ್ತಿದ್ದರು, ರಸೀದಿಗಳನ್ನು ಪಿನ್ ಹಾಕಿ ಇಟ್ಟಿದ್ದರು. ಡೊಮೇನ್ ಎಂಬುದೊಂದು ಬೇರೆ ಇದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಡೊಮೇನನ್ನು ಕೊಂಡುಕೊಂಡೆವು ಎನ್ನುತ್ತೇವೆ, ನಿಜವಾಗಿ ಅದು ಗೇಣಿ. ವರ್ಷದ ಲೆಕ್ಕದಲ್ಲಿ ಪಡೆಯುತ್ತೇವೆ, ಒಮ್ಮೆಗೆ ಹೆಚ್ಚೆಂದರೆ 10 ವರ್ಷ. ಗಡುವು ಮುಗಿದರೆ ಹೆಸರು ಕೆಲಸ ನಿಲ್ಲಿಸುತ್ತದೆ. ಇಂಟರ್ನೆಟ್ಟಿನಲ್ಲಿ ‘ಹೂಈಸ್’ (WHOIS) ಎಂಬ ಹುಡುಕು ಸೇವೆ ಇದೆ, ಜಮೀನಿಗೆ ಪಹಣಿ ಇದ್ದಂತೆ. ಡೊಮೇನಿನ ಹೆಸರು ಕೊಟ್ಟರೆ ಅದು ಯಾವ ರಿಜಿಸ್ಟ್ರಾರ್ ಬಳಿ ಇದೆ, ಎಂದು ದಾಖಲಾಯಿತು, ಯಾವಾಗ ಮುಗಿಯುತ್ತದೆ, ನೇಮ್‌ಸರ್ವರ್ ಯಾವುದು ಎಂಬುದನ್ನೆಲ್ಲ ತೋರಿಸುತ್ತದೆ. ಮಾಲೀಕರ ಹೆಸರು ಈಗ ಹೆಚ್ಚಾಗಿ ಮುಚ್ಚಿರುತ್ತದೆ, ಉಳಿದದ್ದು ಸಾಕು. ಅಕ್ಕನ ಡೊಮೇನನ್ನು ಅದರಲ್ಲಿ ಹಾಕಿ ನೋಡಿದೆ. ಗಡುವು ನಾಲ್ಕು ದಿನದ ಹಿಂದೆ ಮುಗಿದಿತ್ತು. ಸ್ಥಿತಿ ಎಂಬ ಸಾಲಿನಲ್ಲಿ ‘ಕ್ಲೈಂಟ್ ಹೋಲ್ಡ್’ ಎಂದಿತ್ತು, ಎಂದರೆ ರಿಜಿಸ್ಟ್ರಾರ್ ಆ ಹೆಸರನ್ನು ತಡೆಹಿಡಿದಿದ್ದಾರೆ.

ಎಚ್ಚರಿಕೆಯ ಪತ್ರ ಬಂದಿರಲಿಲ್ಲವೇ? ಬಂದಿತ್ತು. ಡಾಟ್ ಕಾಮ್‌ನಂತಹ ಹೆಸರುಗಳಿಗೆ ಗಡುವಿಗೆ ಸುಮಾರು ಒಂದು ತಿಂಗಳು ಮೊದಲು ಒಮ್ಮೆ, ಒಂದು ವಾರ ಮೊದಲು ಇನ್ನೊಮ್ಮೆ ರಿಜಿಸ್ಟ್ರಾರ್ ಪತ್ರ ಕಳುಹಿಸಲೇಬೇಕೆಂಬ ನಿಯಮ ಇದೆ. ಪತ್ರ ಹೋದದ್ದು ಸೈಟು ಮಾಡಿಕೊಟ್ಟ ಹುಡುಗನ ಹಳೆಯ ಇಮೇಲಿಗೆ. ಅವನು ಕೆಲಸ ಸಿಕ್ಕಿ ಪುಣೆಗೆ ಹೋಗಿ ಆ ಇಮೇಲನ್ನು ತೆರೆಯುವುದನ್ನೇ ಬಿಟ್ಟಿದ್ದ. ಅವನ ತಾಯಿಯಿಂದ ಹೊಸ ನಂಬರ್ ಪಡೆದು ಮಾತನಾಡಿದೆವು. ಪಾಪ, ಅವನೂ ನೊಂದುಕೊಂಡ. ಖಾತೆಗೆ ಹೋಗಿ ನವೀಕರಣದ ಹಣ ಕಟ್ಟಿದ, ಸಂಜೆಯ ಹೊತ್ತಿಗೆ ಸೈಟು ಮರಳಿ ಬಂತು. ಖರ್ಚಾದದ್ದು ಸಾವಿರ ರೂಪಾಯಿಗಿಂತ ಕಡಿಮೆ. ಅದೇ ವಾರ ಡೊಮೇನನ್ನು ಅಕ್ಕನ ಸ್ವಂತ ಇಮೇಲಿನ ಖಾತೆಗೆ ವರ್ಗಾಯಿಸಿದೆವು.

ನಿಮ್ಮ ಅಂಗಡಿಗೆ, ಸಂಘಕ್ಕೆ, ಹೋಮ್‌ಸ್ಟೇಗೆ ಸೈಟು ಇದ್ದರೆ ಓದುವುದನ್ನು ಇಲ್ಲಿಗೆ ನಿಲ್ಲಿಸಿ ಒಂದು ಕೆಲಸ ಮಾಡಿ. ಡೊಮೇನ್ ಯಾರ ಇಮೇಲಿನ ಖಾತೆಯಲ್ಲಿದೆ ಎಂದು ಇಂದೇ ವಿಚಾರಿಸಿ. ಸೈಟು ಕಟ್ಟಿಕೊಟ್ಟವರ ಹೆಸರಿನಲ್ಲಿದ್ದರೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಸರ್ವರ್ ಸುಟ್ಟುಹೋದರೂ ಬ್ಯಾಕಪ್ ಇದ್ದರೆ ಬೇರೆಡೆ ಸೈಟು ಕಟ್ಟಬಹುದು. ಹೆಸರು ಬೇರೆಯವರ ಪಾಲಾದರೆ ನಿಮ್ಮ ಚೀಟಿ, ಲೇಬಲ್, ಗಿರಾಕಿಗಳ ನೆನಪು ಎಲ್ಲವೂ ಅವರ ಬಾಗಿಲಿಗೆ ಜನ ಕಳುಹಿಸುತ್ತವೆ. ಡಾಟ್ ಕಾಮ್‌ನಂತಹ ಹೆಸರನ್ನು ಗಡುವು ಮುಗಿದ ಮೇಲೆ ರಿಜಿಸ್ಟ್ರಾರ್ ಸ್ವಲ್ಪ ಕಾಲ ಇಟ್ಟುಕೊಂಡು ಅಳಿಸುತ್ತಾರೆ. ಅಳಿಸಿದ ಮೇಲೂ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳುವ ಅವಕಾಶ ಇದೆ, ಆ ದಂಡ ಮಾಮೂಲಿ ದರದ ಹಲವು ಪಟ್ಟು. ಅದೂ ದಾಟಿದರೆ 5 ದಿನದ ನಂತರ ಹೆಸರು ಯಾರಿಗೆ ಬೇಕಾದರೂ ಸಿಗುತ್ತದೆ. ಹೊಸದಾಗಿ ಡಾಟ್ ಕಾಮ್ ಹೆಸರು ತೆಗೆದುಕೊಂಡವರಿಗೆ ಇನ್ನೊಂದು ಮಾತು: ಇಮೇಲ್ ಖಚಿತಪಡಿಸಿ ಎಂದು ಬರುವ ಕೊಂಡಿಯನ್ನು 15 ದಿನದೊಳಗೆ ಒತ್ತದಿದ್ದರೆ ಹಣ ಕಟ್ಟಿದ ಡೊಮೇನೂ ನಿಲ್ಲುತ್ತದೆ. ಎರಡು ವಾರ ಚೆನ್ನಾಗಿದ್ದ ಸೈಟು ದಿಢೀರ್ ಮಾಯವಾಯಿತು ಎನ್ನುವ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ.

ಡೊಮೇನಿನ ಗಡುವು ಸರಿಯಿದ್ದೂ ಹೆಸರಿಗೆ ನಂಬರ್ ಸಿಗದಿದ್ದರೆ ನೇಮ್‌ಸರ್ವರ್ ನೋಡಬೇಕು. ವಿಂಡೋಸಿನಲ್ಲಿ ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿ ತೆರೆದು ‘ಎನ್‌ಎಸ್‌ಲುಕಪ್’ (nslookup) ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಒಂದು ಖಾಲಿ ಜಾಗ ಬಿಟ್ಟು ಡೊಮೇನ್ ಬರೆಯಿರಿ. ಒಂದು ನಂಬರ್ ಬರಬೇಕು. ಮತ್ತೊಮ್ಮೆ ಅದನ್ನೇ ಬರೆದು ಕೊನೆಯಲ್ಲಿ ಖಾಲಿ ಜಾಗ ಬಿಟ್ಟು 8.8.8.8 ಸೇರಿಸಿ. ಈಗ ನಿಮ್ಮ ಇಂಟರ್ನೆಟ್ ಕಂಪನಿಯನ್ನು ಬಿಟ್ಟು ಗೂಗಲ್‌ನ ಡಿಎನ್‌ಎಸ್ ಅನ್ನು ಕೇಳಿದಂತಾಯಿತು. ಎರಡು ಉತ್ತರ ಬೇರೆ ಬೇರೆಯಾದರೆ ಒಬ್ಬರ ಬಳಿ ಹಳೆಯ ಮಾಹಿತಿ ಉಳಿದಿರಬಹುದು. ಡಿಎನ್‌ಎಸ್ ಉತ್ತರವನ್ನು ಪಡೆದವರು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತಾರೆ. ಎಷ್ಟು ಹೊತ್ತು ಎಂದು ಹೇಳುವ ಸಂಖ್ಯೆ ಟಿಟಿಎಲ್, ಅದು ಸೆಕೆಂಡಿನ ಲೆಕ್ಕ: 3600 ಎಂದರೆ ಒಂದು ಗಂಟೆ, 86400 ಎಂದರೆ ಒಂದು ದಿನ. ಡಾಟ್ ಕಾಮ್‌ನಲ್ಲಿ ನೇಮ್‌ಸರ್ವರಿನ ಮಾಹಿತಿಗೆ ಈ ಸಂಖ್ಯೆ 172800, ಎಂದರೆ ಎರಡು ದಿನ. ಹೋಸ್ಟಿಂಗ್ ಬದಲಿಸಿದಾಗ “48 ಗಂಟೆ ಕಾಯಿರಿ” ಎಂದು ಹೇಳುವುದು ಈ ಕಾರಣಕ್ಕೆ. ನೇಮ್‌ಸರ್ವರ್ ಹಾಗೇ ಇಟ್ಟು ಐಪಿ ನಂಬರನ್ನು ಮಾತ್ರ ಬದಲಿಸುವುದಾದರೆ ಹಿಂದಿನ ದಿನವೇ ಅದರ ಟಿಟಿಎಲ್ ಅನ್ನು 300ಕ್ಕೆ ಇಳಿಸಿಡಿ, ಬದಲಾವಣೆ ಕೆಲವೇ ನಿಮಿಷಗಳಲ್ಲಿ ಹೆಚ್ಚಿನವರನ್ನು ತಲುಪುತ್ತದೆ.

ಹೆಸರಿನ ಕೊಂಡಿ ಕಳಚಿದರೆ ಎಷ್ಟು ದೊಡ್ಡವರೂ ಕಾಣೆಯಾಗುತ್ತಾರೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ಗಂಟೆ ಕಾಲ ನಿಂತದ್ದು ನಿಮಗೆ ನೆನಪಿರಬಹುದು. ಅವರ ಆಂತರಿಕ ಜಾಲದಲ್ಲಿ ನಡೆದ ಒಂದು ದುರಸ್ತಿ ಕೆಲಸದ ತಪ್ಪಿನಿಂದ ಅವರ ಡಿಎನ್‌ಎಸ್ ಸರ್ವರುಗಳಿಗೆ ಹೋಗುವ ದಾರಿಯೇ ಇಂಟರ್ನೆಟ್ಟಿನ ನಕ್ಷೆಯಿಂದ ಅಳಿಸಿಹೋಯಿತು. ಆ ಡಿಎನ್‌ಎಸ್ ಸರ್ವರುಗಳು ಚಾಲೂ ಇದ್ದವು, ಅವುಗಳನ್ನು ಕೇಳಲು ಯಾರಿಂದಲೂ ಆಗಲಿಲ್ಲ. ‘ನಮ್ಮ ಸರ್ವರ್ ಸರಿಯಾಗಿದೆ’ ಎಂಬ ಮಾತು ನಿಜವಾಗಿದ್ದೂ ಸಾಲದಾಗುವುದು ಹೀಗೆ.

ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಎಂಬ ಹೆಸರು ಪಡೆದವರಿಗಾಗಿ ಒಂದು ಮಾತು. ಡಿಎನ್‌ಎಸ್ ಒಳಗೆ ಕನ್ನಡದ ಅಕ್ಷರಗಳನ್ನು ‘ಎಕ್ಸ್‌ಎನ್’ ಎಂದು ಆರಂಭವಾಗುವ ಇಂಗ್ಲಿಷ್ ಅಕ್ಷರಗಳ ಸರಣಿಯಾಗಿ ಬರೆದಿಡುತ್ತಾರೆ. ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಅಂತಹ ಅರ್ಥವಾಗದ ಸಾಲು ಕಂಡರೆ ಗಾಬರಿಯಾಗಬೇಡಿ, ಅದು ನಿಮ್ಮ ಹೆಸರೇ. ತಪಾಸಣೆಯ ಸಾಧನ ಕನ್ನಡದ ಹೆಸರನ್ನು ಒಪ್ಪದಿದ್ದರೆ ಆ ಸಾಲನ್ನೇ ನಕಲು ಮಾಡಿ ಹಾಕಿ.

ಬಾಗಿಲು ತಟ್ಟಿದರೂ ಓಗೊಡದ ಸರ್ವರ್

ನಂಬರ್ ಸಿಕ್ಕಿ ‘ಟೈಮ್ಡ್ ಔಟ್’ ಬಂದರೆ ಅದೇ ಕಪ್ಪು ಕಿಟಕಿಯಲ್ಲಿ ‘ಪಿಂಗ್’ (ping) ಎಂದು ಬರೆದು ಡೊಮೇನ್ ಬರೆಯಿರಿ. 1983ರ ಡಿಸೆಂಬರಿನಲ್ಲಿ ಮೈಕ್ ಮ್ಯೂಸ್ ಬರೆದ ಈ ಪುಟ್ಟ ಸಾಧನ ಇಂದಿಗೂ ಎಲ್ಲ ಕಂಪ್ಯೂಟರುಗಳಲ್ಲಿದೆ. ಉತ್ತರ ಬಂದರೆ ಯಂತ್ರ ಎಚ್ಚರವಾಗಿದೆ ಎಂದು ತಿಳಿಯಿರಿ. ಬರದಿದ್ದರೆ ಮಾತ್ರ ಅವಸರದ ತೀರ್ಮಾನ ಬೇಡ, ಭದ್ರತೆಗಾಗಿ ಪಿಂಗ್‌ಗೆ ಉತ್ತರಿಸದಂತೆ ಕಟ್ಟಿಟ್ಟ ಸರ್ವರುಗಳು ಬಹಳ ಇವೆ. ಐಪಿ ನಂಬರನ್ನು ಬ್ರೌಸರಿನಲ್ಲಿ ಹಾಕಿದಾಗ ಬೇರೆಯವರ ಪುಟವೋ ಖಾಲಿ ಪುಟವೋ ಬಂದರೂ ದೋಷವಲ್ಲ. ಕಡಿಮೆ ದರದ ಶೇರ್ಡ್ ಹೋಸ್ಟಿಂಗ್ ಎಂದರೆ ವಠಾರ, ಒಂದೇ ನಂಬರಿನಲ್ಲಿ ನೂರಾರು ಸೈಟುಗಳು ಇರುತ್ತವೆ. ಎಲ್ಲರಿಗೂ ‘ಟೈಮ್ಡ್ ಔಟ್’ ಅಥವಾ ‘ರಿಫ್ಯೂಸ್ಡ್’ ಬರುತ್ತಿದ್ದರೆ ಅದು ಹೋಸ್ಟಿಂಗ್ ಕಂಪನಿಯ ಕೆಲಸ, ನಿಮ್ಮ ಕೈಯಲ್ಲಿ ಏನೂ ಇಲ್ಲ.

ಗುರುತಿನ ಪತ್ರ: ಎಸ್‌ಎಸ್‌ಎಲ್ ಸರ್ಟಿಫಿಕೇಟು

ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಉಚಿತವಾಗಿ ಕೊಡುವ ಸರ್ಟಿಫಿಕೇಟಿನ ಮಾಮೂಲಿ ಅವಧಿ 90 ದಿನ. ಹೋಸ್ಟಿಂಗ್ ಸರ್ವರ್ ಅದನ್ನು ತಾನಾಗಿ ನವೀಕರಿಸಬೇಕು. ನವೀಕರಿಸುವಾಗ ಡೊಮೇನ್ ಇದೇ ಸರ್ವರಿಗೆ ಬರುತ್ತಿದೆಯೇ ಎಂದು ಪರೀಕ್ಷೆ ನಡೆಯುತ್ತದೆ. ಡಿಎನ್‌ಎಸ್ ಬದಲಿಸಿದ್ದರೆ, ಅಥವಾ ಯಾವುದೋ ಭದ್ರತಾ ಪ್ಲಗಿನ್ (ಸೈಟಿಗೆ ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶ) ಆ ಪರೀಕ್ಷೆಯ ಕಡತವನ್ನು ಮರೆಮಾಡಿದರೆ ನವೀಕರಣ ಸದ್ದಿಲ್ಲದೆ ಸೋಲುತ್ತದೆ. ಕೆಲವು ವಾರಗಳ ನಂತರ ಅವಧಿ ಮುಗಿದ ದಿನ ಕೆಂಪು ಎಚ್ಚರಿಕೆ ಬರುತ್ತದೆ. ಆದ್ದರಿಂದ ಅಂದು ನಡೆದದ್ದನ್ನು ಮಾತ್ರ ಹುಡುಕಬೇಡಿ, ಹಿಂದಿನ ಎರಡು ಮೂರು ತಿಂಗಳಲ್ಲಿ ಏನು ಬದಲಿಸಿದಿರಿ ಎಂದು ನೆನಪಿಸಿಕೊಳ್ಳಿ.

ಡಬ್ಲ್ಯುಡಬ್ಲ್ಯುಡಬ್ಲ್ಯು ಸೇರಿಸಿದರೆ ತೆರೆದು, ಸೇರಿಸದಿದ್ದರೆ ಎಚ್ಚರಿಕೆ ಬಂದರೆ ಸರ್ಟಿಫಿಕೇಟಿನಲ್ಲಿ ಎರಡು ರೂಪಗಳಲ್ಲಿ ಒಂದು ಬಿಟ್ಟುಹೋಗಿದೆ, ಎರಡನ್ನೂ ಸೇರಿಸಿ ಹೊಸದು ಮಾಡಿಸಿ. ವರ್ಷಕ್ಕೊಮ್ಮೆ ಹಣ ಕೊಟ್ಟು ಕೈಯಿಂದ ಹಾಕಿಸುವ ಪದ್ಧತಿಯನ್ನು ಇನ್ನು ಬಿಡುವುದೇ ಒಳ್ಳೆಯದು. ಸರ್ಟಿಫಿಕೇಟಿನ ಗರಿಷ್ಠ ಅವಧಿಯನ್ನು 2026ರ ಮಾರ್ಚ್‌ನಿಂದ 200 ದಿನಕ್ಕೂ 2029ರ ಮಾರ್ಚ್‌ನಿಂದ 47 ದಿನಕ್ಕೂ ಇಳಿಸುವ ತೀರ್ಮಾನ ಆಗಿದೆ. ಸರಿಯಾಗುವವರೆಗೆ ಗಿರಾಕಿಗಳಿಗೆ “ಎಚ್ಚರಿಕೆ ಬಂದರೂ ಮುಂದುವರಿಯಿರಿ” ಎಂದು ದಯವಿಟ್ಟು ಹೇಳಬೇಡಿ. ಇಂದು ನಿಮ್ಮ ಸೈಟಿನಲ್ಲಿ ಕಲಿತದ್ದನ್ನು ಅವರು ನಾಳೆ ಬ್ಯಾಂಕಿನ ಹೆಸರಿನ ಮೋಸದ ಪುಟದಲ್ಲೂ ಮಾಡುತ್ತಾರೆ.

ಮೂರಂಕಿಯ ಸಂಖ್ಯೆಗಳು

404 ಎಂದರೆ ಕೇಳಿದ ಪುಟ ಇಲ್ಲ. ಮುಖಪುಟ ತೆರೆದು ಒಳಪುಟಗಳಿಗೆಲ್ಲ 404 ಬಂದರೆ, ಸೈಟನ್ನು ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಕಟ್ಟಿದ್ದರೆ, ಅದರ ಸೆಟ್ಟಿಂಗ್ಸ್‌ನಲ್ಲಿ ಪರ್ಮಾಲಿಂಕ್ಸ್ ಪುಟಕ್ಕೆ ಹೋಗಿ ಏನನ್ನೂ ಬದಲಿಸದೆ ಒಮ್ಮೆ ಉಳಿಸಿ. ಹೆಚ್ಚಿನ ಸಲ ಸರಿಹೋಗುತ್ತದೆ. 403 ಎಂದರೆ ಪುಟ ಇದೆ, ನೋಡಲು ಅನುಮತಿ ಇಲ್ಲ. ಸಾಮಾನ್ಯವಾಗಿ ಫೋಲ್ಡರಿಗೆ 755, ಕಡತಕ್ಕೆ 644 ಎಂಬ ಅನುಮತಿ ಸಂಖ್ಯೆ ಇರಬೇಕು.

500 ಬಂದರೆ ಸೈಟಿನ ಕೋಡಿನಲ್ಲಿ ಎಡವಟ್ಟಾಗಿದೆ. ಕೇಳಬೇಕಾದ ಪ್ರಶ್ನೆ ಒಂದೇ: ಕೊನೆಯದಾಗಿ ಏನು ಬದಲಿಸಿದಿರಿ? ಪ್ಲಗಿನ್ ಅಪ್‌ಡೇಟ್ ಮಾಡಿದ ಮೇಲೆ ಹೀಗಾಗಿದ್ದರೆ, ಹೋಸ್ಟಿಂಗಿನ ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಫೈಲ್ ಮ್ಯಾನೇಜರ್ ತೆರೆದು ಆ ಪ್ಲಗಿನ್ನಿನ ಫೋಲ್ಡರಿಗೆ ಬೇರೆ ಹೆಸರು ಕೊಡಿ. ವರ್ಡ್‌ಪ್ರೆಸ್ ಅದನ್ನು ಹುಡುಕಿ ಸಿಗದೆ ಕೈಬಿಡುತ್ತದೆ, ಸೈಟು ತೆರೆಯುತ್ತದೆ. ಅಳಿಸಬೇಡಿ, ಹೆಸರು ಮಾತ್ರ ಬದಲಿಸಿ. ಯಾವ ಪ್ಲಗಿನ್ ಎಂದು ತಿಳಿಯದಿದ್ದರೆ ಎರರ್ ಲಾಗ್ ಎಂಬ ಕಡತದ ಕೊನೆಯ ಸಾಲಿನಲ್ಲಿ ಅದರ ಹೆಸರು ಹೆಚ್ಚಾಗಿ ಸಿಗುತ್ತದೆ.

503 ಎಂದರೆ ಸರ್ವರಿಗೆ ಸದ್ಯಕ್ಕೆ ಬಿಡುವಿಲ್ಲ. ‘ನಿಗದಿತ ನಿರ್ವಹಣೆಗಾಗಿ ಸ್ವಲ್ಪ ಹೊತ್ತು ಲಭ್ಯವಿಲ್ಲ’ ಎಂಬ ಅರ್ಥದ ಇಂಗ್ಲಿಷ್ ಸಾಲು ಕೆಲವು ನಿಮಿಷ ಕಳೆದರೂ ಹಾಗೇ ಉಳಿದರೆ ವರ್ಡ್‌ಪ್ರೆಸ್ ಅಪ್‌ಡೇಟ್ ನಡುವೆ ಕಡಿದುಹೋಗಿದೆ. ಅಪ್‌ಡೇಟ್ ಶುರುವಾದಾಗ ಚುಕ್ಕಿಯಿಂದ ಆರಂಭವಾಗುವ ‘ಮೇಂಟೆನೆನ್ಸ್’ ಎಂಬ ಕಡತ ಹುಟ್ಟುತ್ತದೆ, ಮುಗಿದಾಗ ಅಳಿಯುತ್ತದೆ. ನಡುವೆ ಕಡಿದರೆ ಅಲ್ಲೇ ಉಳಿಯುತ್ತದೆ. ಫೈಲ್ ಮ್ಯಾನೇಜರಿನಲ್ಲಿ ಅಡಗಿದ ಕಡತಗಳನ್ನು ತೋರಿಸು ಎಂದು ಗುರುತು ಹಾಕಿ ಅದನ್ನು ಅಳಿಸಿ, ಆಮೇಲೆ ಅಪ್‌ಡೇಟನ್ನು ಮತ್ತೊಮ್ಮೆ ಓಡಿಸಿ. 502, 504 ಬಂದರೆ ನಡುವಿನ ಸರ್ವರಿಗೆ ಹಿಂದಿನ ಸರ್ವರಿನಿಂದ ಸರಿಯಾದ ಉತ್ತರ ಸಿಗಲಿಲ್ಲ. ಹತ್ತು ನಿಮಿಷ ನೋಡಿ, ಹೋಗದಿದ್ದರೆ ಹೋಸ್ಟಿಂಗ್ ಕಂಪನಿಗೆ ತಿಳಿಸಿ. ಶೇರ್ಡ್ ಹೋಸ್ಟಿಂಗಿನಲ್ಲಿ 508 ಬಂದರೆ ಸಾಮಾನ್ಯವಾಗಿ ಸರ್ವರಿನಲ್ಲಿ ನಿಮ್ಮ ಪಾಲಿಗೆ ಇಟ್ಟ ಬಳಕೆಯ ಮಿತಿ ಮುಗಿದಿದೆ.

ಡೇಟಾಬೇಸ್ ಸಂಪರ್ಕ ಸಿಗಲಿಲ್ಲ ಎಂಬ ದೋಷಕ್ಕೆ ಎಲ್ಲರೂ ಪಾಸ್‌ವರ್ಡನ್ನು ದೂರುತ್ತಾರೆ. ಯಾರೂ ಮುಟ್ಟದಿದ್ದರೆ ಪಾಸ್‌ವರ್ಡ್ ತಾನಾಗಿ ಬದಲಾಗುವುದಿಲ್ಲ. ಡಿಸ್ಕ್ ತುಂಬಿದೆಯೇ ನೋಡಿ. ಹೊನ್ನಾವರದ ಕಡೆಯ ಒಂದು ಯಕ್ಷಗಾನ ತಂಡದ ಸೈಟು ಪ್ರದರ್ಶನದ ಪಟ್ಟಿ ಹಾಕಬೇಕಾದ ದಿನವೇ ಹೀಗೆ ಕುಸಿಯಿತು. ಅವರಿಗಿದ್ದ ಜಾಗ 5 ಜಿಬಿ, ಪ್ಯಾನೆಲ್ಲಿನಲ್ಲಿ ಬಳಕೆಯ ಪಟ್ಟಿ ತುದಿಯವರೆಗೆ ಕೆಂಪಾಗಿತ್ತು. ಬ್ಯಾಕಪ್ ಪ್ಲಗಿನ್ ಪ್ರತಿ ರಾತ್ರಿ ಇಡೀ ಸೈಟಿನ ಒಂದು ಪ್ರತಿ ಮಾಡಿ ಅದೇ ಡಿಸ್ಕಿನಲ್ಲಿ ಒಟ್ಟುತ್ತಾ ಬಂದಿತ್ತು. ಎರಡು ಪ್ರತಿಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಉಳಿದ ಹಳೆಯವನ್ನು ಅಳಿಸಿದೆವು, ಅರ್ಧ ಗಂಟೆಯೊಳಗೆ ಪಟ್ಟಿ ಪ್ರಕಟವಾಯಿತು. ಅಂದಿನಿಂದ ಅವರ ಬ್ಯಾಕಪ್ ಸರ್ವರಿನ ಹೊರಗೆ ಬೇರೆ ಕಡೆ ಹೋಗುತ್ತದೆ. ಬ್ಯಾಕಪ್ ಇರಬೇಕಾದದ್ದೂ ಅಲ್ಲೇ.

ಸೈಟು ಸರಿಯಿದ್ದು ಮೇಲ್ ನಿಂತರೆ

ಹೋಸ್ಟಿಂಗ್ ಬದಲಿಸಿದ ಮರುದಿನ ಮೇಲ್ ಬರುವುದು ನಿಂತರೆ ಹೊಸ ನೇಮ್‌ಸರ್ವರಿನಲ್ಲಿ ಎಂಎಕ್ಸ್ ದಾಖಲೆ ಬಿಟ್ಟುಹೋಗಿದೆಯೇ ನೋಡಿ. ಡಿಎನ್‌ಎಸ್‌ನಲ್ಲಿ ಸೈಟಿನ ನಂಬರ್ ಹೇಳುವುದು ಎ ದಾಖಲೆ, ಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವುದು ಎಂಎಕ್ಸ್. ನೇಮ್‌ಸರ್ವರ್ ಬದಲಿಸುವ ಮೊದಲು ಹಳೆಯ ಕಡೆಯ ಎಲ್ಲ ದಾಖಲೆಗಳನ್ನೂ ಬರೆದಿಟ್ಟುಕೊಳ್ಳಿ.

ದೂರು ಬರೆಯುವ ರೀತಿ

ಇಷ್ಟು ನೋಡಿದ ಮೇಲೆ ದೋಷ ನಿಮ್ಮಿಂದ ಸರಿಯಾಗದೆ ಉಳಿದರೂ ಯಾರದೆಂದು ಗೊತ್ತಾಗಿರುತ್ತದೆ. ಅವರಿಗೆ ‘ಸೈಟು ತೆರೆಯುತ್ತಿಲ್ಲ, ಬೇಗ ಸರಿಮಾಡಿ’ ಎಂದು ಬರೆದರೆ ಅವರು ಮೊದಲಿನಿಂದ ಪ್ರಶ್ನೆ ಕೇಳುತ್ತಾ ಹೋಗುತ್ತಾರೆ. ಹೀಗೆ ಬರೆಯಿರಿ: “ಇಂದು ಬೆಳಿಗ್ಗೆ 9.20ರಿಂದ ಸೈಟು ತೆರೆದರೆ 503 ಬರುತ್ತಿದೆ. ಅಂಗಡಿಯ ವೈ-ಫೈ, ಮೊಬೈಲ್ ಡೇಟಾ ಎರಡರಲ್ಲೂ, ಹುಬ್ಬಳ್ಳಿಯಲ್ಲಿರುವ ಸಂಬಂಧಿಕರ ಫೋನಿನಲ್ಲೂ ಹೀಗೆಯೇ ಇದೆ. ಡೊಮೇನಿನ ಗಡುವು ಮುಂದಿನ ಮಾರ್ಚ್‌ವರೆಗೆ ಇದೆ. ಎನ್‌ಎಸ್‌ಲುಕಪ್ ನಿಮ್ಮ ಸರ್ವರಿನ ನಂಬರನ್ನೇ ತೋರಿಸುತ್ತಿದೆ. ನಿನ್ನೆಯಿಂದ ನಾವು ಏನನ್ನೂ ಬದಲಿಸಿಲ್ಲ. ಡಿಸ್ಕ್ ಅರ್ಧ ಖಾಲಿ ಇದೆ. ಪರದೆಯ ಫೋಟೋ ಲಗತ್ತಿಸಿದೆ.”

ಅಪ್ಪೆಮಿಡಿಯ ಅಕ್ಕ ಈಗ ಹೀಗೆಯೇ ಬರೆಯುತ್ತಾರೆ. ಕಳೆದ ಮಳೆಗಾಲದಲ್ಲಿ ಮತ್ತೊಮ್ಮೆ ಸೈಟು ನಿಂತಾಗ ಅವರು ನನಗೆ ಫೋನ್ ಮಾಡಿದ್ದು ಸರಿಯಾದ ಮೇಲೆ. “508 ಬಂದಿತ್ತು ತಮ್ಮಾ, ಹೋಸ್ಟಿಂಗಿನವರಿಗೇ ನೇರವಾಗಿ ಬರೆದೆ” ಎಂದರು.